ನಮ್ಮಪ್ಪಗ 68, ರಿಪೋರ್ಟಿನಾಗ 77: ಈ ಟೆಲೋಮಿಯರ್ ಅಳತಿ ನಂಬೂದೇನ್ರಿ?

ಉಣಕಲ್_ದಂಡಿ | ಸೋಮವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ. ಇಲ್ಲಿ ಓದೂದು ಭಾಳ ದಿನದಿಂದ, ಬರಿಯೂದು ಇದ ಮೊದಲ ಸಲ. ನಮ್ಮಪ್ಪಾರು ರಿಟೈರ್ ಆಗಿ ಎಂಟ್ ವರ್ಷ ಆತು. ನಸುಕಿನ್ಯಾಗ ಎದ್ದು ಉಣಕಲ್ ಕೆರಿ ಕಡೆ ವಾಕಿಂಗ್ ಹೋಗೂದು, ಗೆಳ್ಯಾರ ಜೋಡಿ ಚಾ ಕುಡಿಯೂದು, ಪೇಪರಿನ ಸುದ್ದಿ ಮ್ಯಾಲೆ ಜಗಳಾಡಿ ಮನಿಗೆ ಬರೂದು, ಇದು ಅವರ ಪದ್ಧತಿ. ಹೋದ ತಿಂಗಳು ಆ ಗುಂಪಿನಾಗ ಟೈ ಕಟ್ಟಿದಾಂವ ಒಬ್ಬ ಬಂದು 'ನಿಮ್ಮ ಖರೇ ವಯಸ್ಸು ತಿಳ್ಕೋರಿ' ಅಂತ ಚೀಟಿ ಹಂಚ್ಯಾನ. ರಕ್ತ ತಗೊಂಡು ಟೆಲೋಮಿಯರ್ ಅಂತ ಏನೋ ಅಳಿತಾರಂತ. ನನಗ ಒಂದ್ ಮಾತು ಹೇಳ್ದ ಪೆನ್ಶನ್ ರೊಕ್ಕದಾಗ ಮಾಡ್ಸಿಬಿಟ್ಟಾರ.

ಮೊನ್ನೆ ರಿಪೋರ್ಟ್ ಬಂತು. ನುಣುಪು ಹಾಳಿ, ಬಣ್ಣದ ಗೆರಿ, ಕೆಂಪ್ ಬಾಣ. 'ದಾಖಲೆ ವಯಸ್ಸು 68, ಜೈವಿಕ ವಯಸ್ಸು 77.' ಹಿಂದಿನ ಪುಟದಾಗ ಟೆಲೋಮಿಯರ್ ಉದ್ದ ಮಾಡೋ ಕ್ಯಾಪ್ಸೂಲ್, ಮೂರು ತಿಂಗಳ ಕೋರ್ಸು. ಡಬ್ಬಿನೂ ತಂದಾರ.

ನನಗ ರೊಕ್ಕದ ಚಿಂತಿ ಇಲ್ಲ. ಅವತ್ತಿನಿಂದ ಅಪ್ಪಾರು ವಾಕಿಂಗ್ ಬಿಟ್ಟಾರ. ಕಟ್ಟಿ ಮ್ಯಾಲೆ ಕುಂತು ರಸ್ತಾ ನೋಡ್ತಾರ. ನಿನ್ನೆ ಊಟಕ್ಕ ಕುಂತಾಗ 'ಹೊಲದ ಉತಾರ ತಗಸಿ ಇಡಪಾ, ನೀನು ತಂಗಿ ಮುಂದ ಜಗಳಾಡಬ್ಯಾಡ್ರಿ' ಅಂದ್ರು. ಬಿಪಿ ಇಲ್ಲ, ಶುಗರ್ ಇಲ್ಲ, ಜಿನಾ ಹತ್ತೂದ್ರಾಗ ನನ್ನ ಹಿಂದ ಹಾಕ್ತಾರ. ತಿಳದವ್ರು ಯಾರರ ಇದ್ರ ಹೇಳ್ರಿ, ಈ 77 ಅನ್ನೂದಕ್ಕ ಏನರ ಅರ್ಥ ಐತೇನು?

ಗಿರ್ಮಿಟ್_ಪ್ರೇಮಿ | ರಾತ್ರಿ 9:52

ಒಂದ ಪ್ರಶ್ನೆ ಅಣ್ಣಾ. ಅಪ್ಪಾರ ಹುಟ್ಟಿದ ತಾರೀಕು ಜೂನ್ 1 ಹೌದಲ್ಲೋ?

ಉಣಕಲ್_ದಂಡಿ | ರಾತ್ರಿ 10:05

ಹೌದ್ರಿ! ನಿಮಗ ಹೆಂಗ ಗೊತ್ತಾತು? ಸಾಲಿ ಹಾಕುಮುಂದ ಮಾಸ್ತರು ಬರಕೊಂಡಿದ್ದು 1-6-1957. ನಮ್ಮ ದೊಡ್ಡಪ್ಪಂದೂ ಜೂನ್ 1, ಕಾಕಾಂದೂ ಜೂನ್ 1. ನಮ್ಮಜ್ಜಿ ಇರೂತನಾ ಬ್ಯಾರೆ ಲೆಕ್ಕಾ ಹೇಳ್ತಿದ್ಲು, ರಾಜ್ಯ ಕೂಡೂದಕ್ಕ ಒಂದ್ ವರ್ಷ ಮುಂಚೆ, ಸೀಗಿ ಹುಣ್ಣಿವಿ ಮರುದಿನ ಅಂತ. ಹಂಗಂದ್ರ 1955. ಯಾರೂ ಕಿವಿಗೆ ಹಾಕ್ಕೊಂಡಿದ್ದಿಲ್ಲ.

ಗಿರ್ಮಿಟ್_ಪ್ರೇಮಿ | ರಾತ್ರಿ 10:07

ಮನಿ ಹಿರ್ಯಾರ ವಯಸ್ಸು ಹೆಡ್ ಮಾಸ್ತರ ಪೆನ್ನಿನಾಗ ಹುಟ್ಟಿದ್ದು. ಅದರ ಮ್ಯಾಲೆ ಇವರು ಜೈವಿಕ ವಯಸ್ಸು ಕಟ್ಟಾಕ ಹೊಂಟಾರ. ನಡೀಲಿ.

ಸಪ್ತಾಪುರ_ಮಾಸ್ತರು | ಮಂಗಳವಾರ, ಬೆಳಿಗ್ಗೆ 6:30

ನಾನು ಧಾರವಾಡದಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು, ವೈದ್ಯನಲ್ಲ. ರಿಪೋರ್ಟ್ ಬದಿಗಿಡಿ. ಮೊದಲು ಅಳೆದದ್ದು ಏನನ್ನು ಅಂತ ನೋಡೋಣ.

ನಮ್ಮ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳು, ಅಂದರೆ 92 ತುದಿಗಳು. ಹೊಸ ಮಿಣಿ ತಂದಾಗ ಅದರ ತುದಿ ಬಿಚ್ಚಿಕೊಳ್ಳಬಾರದೆಂದು ದಾರ ಸುತ್ತುತ್ತೇವಲ್ಲ, ಅಂಥದ್ದೇ ಕಟ್ಟು ಈ ತುದಿಗಳಿಗೂ ಇದೆ. ಡಿಎನ್‌ಎ ಬರಹದ ಟಿಟಿಎಜಿಜಿಜಿ ಎಂಬ ಆರು ಅಕ್ಷರ ಸಾವಿರಾರು ಸಲ ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಪ್ರೋಟೀನುಗಳ ಹೊದಿಕೆ. ಇದೇ ಟೆಲೋಮಿಯರ್. ಈ ಕಟ್ಟು ಇರದಿದ್ದರೆ ಜೀವಕೋಶವು ತುದಿಯನ್ನು ಮುರಿದ ಡಿಎನ್‌ಎ ಎಂದು ತಿಳಿದು ಒಂದಕ್ಕೊಂದು ಜೋಡಿಸಿಬಿಡುತ್ತದೆ. ಆಮೇಲೆ ಎಲ್ಲ ಅಧ್ವಾನ.

ಹುಟ್ಟುವಾಗ ರಕ್ತದ ಬಿಳಿಕಣಗಳಲ್ಲಿ ಇದರ ಉದ್ದ ಸುಮಾರು ಹತ್ತು ಸಾವಿರ ಅಕ್ಷರ. ಎಳವೆಯಲ್ಲಿ ಬೇಗ ಸವೆಯುತ್ತದೆ, ದೊಡ್ಡವರಾದ ಮೇಲೆ ವರ್ಷಕ್ಕೆ ಇಪ್ಪತ್ತು ಮೂವತ್ತು ಅಕ್ಷರದಂತೆ. ಇಳಿವಯಸ್ಸಿಗೆ ಐದಾರು ಸಾವಿರಕ್ಕೆ ಬಂದಿರುತ್ತದೆ. ತೀರಾ ಗಿಡ್ಡವಾದಾಗ ಜೀವಕೋಶ ಒಡೆದು ಎರಡಾಗುವುದನ್ನೇ ನಿಲ್ಲಿಸುತ್ತದೆ.

ಈ ನಿಲ್ಲುವುದನ್ನು ಮೊದಲು ಕಂಡವರು ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್, 1961ರಲ್ಲಿ, ಪಾಲ್ ಮೂರ್‌ಹೆಡ್ ಜೊತೆ. ಅಲ್ಲಿಯವರೆಗೆ ಗಾಜಿನ ಬುಡ್ಡಿಯಲ್ಲಿ ಬೆಳೆಸಿದ ಜೀವಕೋಶ ಚಿರಂಜೀವಿ ಎಂದೇ ನಂಬಿಕೆ. ಮನುಷ್ಯನ ಜೀವಕೋಶ ಐವತ್ತರ ಆಸುಪಾಸು ಸಲ ಒಡೆದು ನಿಂತುಬಿಡುತ್ತದೆ ಎಂದು ಇವರು ತೋರಿಸಿದರು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಬೇರೆ: ನಡುವೆ ಒಮ್ಮೆ ಆ ಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟು ಎಷ್ಟೋ ಕಾಲದ ಮೇಲೆ ಹೊರತೆಗೆದರೂ ಲೆಕ್ಕ ಮರೆಯುವುದಿಲ್ಲ. ಇಪ್ಪತ್ತು ಸಲ ಒಡೆದಿದ್ದರೆ ಉಳಿದ ಮೂವತ್ತನ್ನು ಮಾತ್ರ ಮುಗಿಸುತ್ತವೆ. ಅವು ಎಣಿಸುವುದು ವರ್ಷಗಳನ್ನಲ್ಲ, ಎಷ್ಟು ಸಲ ಒಡೆದೆವು ಎಂಬುದನ್ನು. ನಿಮ್ಮ ತಂದೆಯವರ ರಿಪೋರ್ಟ್ ಇದನ್ನೇ ಮರೆತಿದೆ.

ಗೋವಿನಜೋಳ_ಹಾವೇರಿ | ಬೆಳಿಗ್ಗೆ 7:15

ಸರ, ಒಂದ್ ಡೌಟು. ಪ್ರತಿ ಸಲ ಸವಿಯೂದು ಯಾಕ್ರಿ? ನಕಲು ಮಾಡೂದಂದ್ರ ಪೂರ್ತಿ ಮಾಡಬೇಕಲ್ಲ?

ನನಗ ತಿಳದಂಗ ಹೇಳ್ತೀನಿ, ತಪ್ಪಿದ್ರ ತಿದ್ರಿ. ಕೂರಿಗಿ ಹೊಡಿಯುಮುಂದ ಬದುವಿನ ತನಾ ಬಿತ್ತಾಕ ಆಗೂದಿಲ್ಲ. ಎತ್ತು ಹೊಳ್ಳಾಕ ಒಂದ್ ನಾಕ್ ಮಾರು ಜಾಗಾ ಬೇಕ. ಆ ತುದಿ ಹಂಗ ಉಳಿತೈತಿ. ಇದೂ ಹಂಗ ಏನು?

ಸಪ್ತಾಪುರ_ಮಾಸ್ತರು | ಬೆಳಿಗ್ಗೆ 8:10

ಯಪ್ಪಾ, ಇದು ನನಗೆ ಮೂವತ್ತು ವರ್ಷ ಹೊಳೆಯಲಿಲ್ಲ! ಹಾಗೆಯೇ. ಡಿಎನ್‌ಎ ನಕಲು ಮಾಡುವ ಯಂತ್ರಕ್ಕೆ ಶುರುವಿಗೆ ಒಂದು ತುಣುಕು ಆಧಾರ ಬೇಕು. ಕಟ್ಟಕಡೆಯ ಆಧಾರ ಕಿತ್ತ ಮೇಲೆ ಆ ಜಾಗ ತುಂಬಲು ಎತ್ತು ನಿಲ್ಲುವ ನೆಲವೇ ಇರುವುದಿಲ್ಲ. ಒಂದೇ ತಿದ್ದುಪಡಿ: ನಿಮ್ಮ ಹೊಲದಲ್ಲಿ ಮರುವರ್ಷವೂ ಬದು ಅಲ್ಲೇ ಇರುತ್ತದೆ. ಇಲ್ಲಿ ಬಿತ್ತದೆ ಬಿಟ್ಟ ಪಟ್ಟಿ ಮರುವರ್ಷದ ಹೊಲದಲ್ಲಿ ಇರುವುದೇ ಇಲ್ಲ, ಬದು ಒಳಗೆ ಸರಿದಿರುತ್ತದೆ.

ಇದನ್ನು 1971ರಲ್ಲಿ ಊಹಿಸಿದವರು ರಷ್ಯದ ಅಲೆಕ್ಸಿ ಓಲೋವ್ನಿಕೋವ್. ಮಾಸ್ಕೋದ ಮೆಟ್ರೊ ನಿಲ್ದಾಣದಲ್ಲಿ ಗಾಡಿ ಬರುವುದನ್ನು ಕೇಳುತ್ತ ನಿಂತಾಗ ಹೊಳೆದದ್ದಂತೆ: ಹಳಿಯೇ ಡಿಎನ್‌ಎ, ಗಾಡಿಯೇ ನಕಲು ಯಂತ್ರ ಆದರೆ, ಗಾಡಿಯ ಅಡಿಗಿರುವ ತುಂಡು ಹಳಿಯ ನಕಲು ಆಗುವುದು ಹೇಗೆ?

ನಿಮ್ಮ ಹೆಸರು ಗೋವಿನಜೋಳ ಅಂತಿದೆ, ಅದಕ್ಕೂ ಇಲ್ಲಿ ಪಾಲಿದೆ. ತುದಿಗಳಿಗೆ ವಿಶೇಷ ರಕ್ಷಣೆ ಇದೆ ಎಂಬ ಸುಳಿವು ಕೊಟ್ಟ ಇಬ್ಬರಲ್ಲಿ ಒಬ್ಬರು ಹರ್ಮನ್ ಮುಲ್ಲರ್, ಹಣ್ಣಿನ ನೊಣಕ್ಕೆ ಎಕ್ಸ್‌ರೇ ಬಿಟ್ಟು ನೋಡಿದವರು. ಟೆಲೋಮಿಯರ್ ಎಂದು 1938ರಲ್ಲಿ ಹೆಸರಿಟ್ಟವರೂ ಅವರೇ. ಇನ್ನೊಬ್ಬರು ಬಾರ್ಬರಾ ಮ್ಯಾಕ್‌ಕ್ಲಿಂಟಾಕ್. ಅವರು ನೋಡಿದ್ದು ಗೋವಿನಜೋಳದ ಮುರಿದ ವರ್ಣತಂತುಗಳನ್ನು.

ಗೋವಿನಜೋಳ_ಹಾವೇರಿ | ಬೆಳಿಗ್ಗೆ 8:25

ನಮ್ಮ ಜಿಲ್ಲಾದಾಗ ಎಲ್ಲಿ ನೋಡಿದ್ರೂ ಅದ ಬೆಳಿ. ಲದ್ದಿಹುಳ ಬಿದ್ದಾಗಷ್ಟ ಅದರ ತುದಿ ನೋಡಿದ್ವಿ ಸರ.

ಸಪ್ತಾಪುರ_ಮಾಸ್ತರು | ಬೆಳಿಗ್ಗೆ 8:50

ಮುಂದಿನ ಕತೆ ಕೆರೆ ನೀರಿನದು. ಸಿಹಿನೀರಿನಲ್ಲಿ ಟೆಟ್ರಾಹೈಮೆನಾ ಎಂಬ ಒಂದೇ ಕೋಶದ ಜೀವಿ ಇದೆ. ಅದರಲ್ಲಿ ಪುಟ್ಟ ಪುಟ್ಟ ವರ್ಣತಂತುಗಳು ಸಾವಿರಾರು, ಅಂದರೆ ತುದಿಗಳ ಸಂತೆ. ಹಾಗಾಗಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅದನ್ನೇ ಹಿಡಿದು, ಜೋಸೆಫ್ ಗಾಲ್ ಜೊತೆ 1978ರಲ್ಲಿ ತುದಿಯ ಅಕ್ಷರ ಓದಿದರು. 1984ರ ಕ್ರಿಸ್‌ಮಸ್ ದಿನ ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್ ಪ್ರಯೋಗಾಲಯಕ್ಕೆ ಹೋಗಿ ಫಿಲ್ಮ್ ನೋಡಿದಾಗ ಏಣಿ ಮೆಟ್ಟಿಲಿನಂಥ ಗೆರೆಗಳು: ತುದಿಗೆ ಹೊಸ ಅಕ್ಷರ ಜೋಡಿಸುವ ಕಿಣ್ವ, ಟೆಲೊಮರೇಸ್. ಇವರಿಬ್ಬರಿಗೂ ಜ್ಯಾಕ್ ಶೋಸ್ತಾಕ್‌ಗೂ 2009ರ ನೊಬೆಲ್.

ಅದೇ ವರ್ಷ ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ತೀರಿಕೊಂಡಿದ್ದರು, 96 ವರ್ಷ. ಅಕ್ಟೋಬರ್‌ನಲ್ಲಿ ನಾನು ಕ್ಲಾಸಿನಲ್ಲಿ ನೊಬೆಲ್ ಸುದ್ದಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು 'ಸರ್, ಬಾಯಿಯವರ ಟೆಲೋಮಿಯರ್ ಎಷ್ಟು ಉದ್ದ ಇತ್ತು?' ಎಂದಳು. ಎಲ್ಲರೂ ನಕ್ಕರು. ಪ್ರಶ್ನೆ ಚೆನ್ನಾಗಿಯೇ ಇತ್ತು. ಅಳೆದಿದ್ದರೂ ಆ ಸಂಖ್ಯೆಯಿಂದ 96 ಹೊರಡುತ್ತಿರಲಿಲ್ಲ. ಪ್ರಯೋಗಾಲಯದ ಇಲಿಗೆ ನಮಗಿಂತ ಎಷ್ಟೋ ಪಟ್ಟು ಉದ್ದದ ಟೆಲೋಮಿಯರ್ ಇದೆ, ಆಯುಷ್ಯ ಎರಡು ಮೂರು ವರ್ಷ. ಹೃದಯದ ಸ್ನಾಯು, ಮೆದುಳಿನ ನರಕೋಶ ಬಹುತೇಕ ಒಡೆಯುವುದೇ ಇಲ್ಲ, ಅವೂ ಮುದಿಯಾಗುತ್ತವೆ. ಮೈಯೆಲ್ಲಕ್ಕೂ ಇದೊಂದೇ ಗಡಿಯಾರ ಎಂದರೆ ಲೆಕ್ಕ ಕೂಡುವುದಿಲ್ಲ.

ಗಿರ್ಮಿಟ್_ಪ್ರೇಮಿ | ಬೆಳಿಗ್ಗೆ 9:02

ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ. ಹಂಗಂತ ಗಾಡಿ ವ್ಯಾಳ್ಯಾಕ್ಕ ಬರ್ತೈತೇನು?

ನೇರಳೆ_ಟ್ಯೂಬ್ | ಮಧ್ಯಾಹ್ನ 1:20

ನಾನು ಲ್ಯಾಬ್ ಟೆಕ್ನಿಷಿಯನ್. ಎಲ್ಲಿ ಅಂತ ಕೇಳಬ್ಯಾಡ್ರಿ, ನೌಕರಿ ಬೇಕು. ಈ ಟೆಸ್ಟ್ ಹೆಂಗ ಮಾಡ್ತಾರ ಅನ್ನೂದು ಹೇಳ್ತೀನಿ.

ನೇರಳೆ ಮುಚ್ಚಳದ ಟ್ಯೂಬಿನಾಗ ರಕ್ತ ತಗೋತಾರ. ಬಿಳಿಕಣದಿಂದ ಡಿಎನ್‌ಎ ತಗದು 96 ಗುಣಿ ಇರೋ ಪ್ಲೇಟಿನಾಗ ಹಾಕಿ ಪಿಸಿಆರ್ (ಡಿಎನ್‌ಎ ನಕಲು ಮಾಡಿ ಹೆಚ್ಚಸೋ ಮಷಿನ್) ಓಡಸ್ತಾರ. ಅಗ್ಗದ ಟೆಸ್ಟಿನಾಗ ಬಹಳಷ್ಟು ಇದ ಪದ್ಧತಿ. ಇಲ್ಲಿ ಗಮನಾ ಇಡ್ರಿ: ಮಷಿನ್ ಉದ್ದ ಅಳಿಯೂದಿಲ್ಲ. ಟೆಲೋಮಿಯರ್ ಅಕ್ಷರದ ರಾಶಿ ಎಷ್ಟು, ಒಂದ್ ಮಾಮೂಲಿ ಜೀನಿನ ರಾಶಿ ಎಷ್ಟು, ಎರಡನ್ನೂ ಭಾಗಿಸಿ ಒಂದ್ ಅನುಪಾತ ಕೊಡ್ತೈತಿ. 0.8, 1.1, ಹಿಂಗ. ಅದನ್ನ ಕಂಪನಿಯವರು ತಮ್ಮ ತಕ್ತೆದಾಗ ಇಟ್ಟು 'ಇದು 77ರ ಸರಾಸರಿ' ಅಂತಾರ.

ಈಗ ಮಾಸ್ತರ್ ಕೊಟ್ಟ ಅಂಕಿನ ತಗೋರಿ. ಉದ್ದ 6,000 ಅನ್ರಿ. ಅಳತ್ಯಾಗ ನೂರಕ್ಕ ಐದು ಹೆಚ್ಚುಕಮ್ಮಿ ಆತು ಅನ್ರಿ, ಈ ಪದ್ಧತ್ಯಾಗ ಅದೇನು ದೊಡ್ಡ ತಪ್ಪಲ್ಲ. 300 ಅಕ್ಷರ ಆತು. ವರ್ಷಕ್ಕ 30 ಸವಿತಾವ ಅಂದ್ರ 300 ಅನ್ನೂದು ಹತ್ತು ವರ್ಷ. ಅಪ್ಪಾರಿಗೆ ಹೆಚ್ಚಾಗಿದ್ದು ಒಂಬತ್ತು. ಹನಿ ಅಳದು ಹಾಕೋ ಪಿಪೆಟ್ ಹಿಡದ ಹುಡುಗನ ಕೈ ಒಂದೀಟು ನಡುಗಿದ್ರ ಸಾಕು, ನಿಮ್ಮಪ್ಪಾರು ಮುದುಕ ಆಗ್ತಾರ. ಮಷಿನ್ ಕೆಟ್ಟಿರಬೇಕಂತ ಇಲ್ಲ, ಅಂವಾ ಚಾ ಕುಡದಿರಲಿಕ್ಕಿಲ್ಲ ಅಷ್ಟ.

ಮ್ಯಾಲೆ ಇನ್ನೊಂದು. ಒಂದ ವಯಸ್ಸಿನ ಇಬ್ಬರ ನಡುವನ ಸಾವಿರಗಟ್ಟಲೆ ಅಕ್ಷರ ಫರಕ್ ಇರ್ತೈತಿ, ಹುಟ್ಟಿನಿಂದನ. ಐವತ್ತರವರಿಗೆ ಎಂಬತ್ತರ ಉದ್ದ, ಎಂಬತ್ತರವರಿಗೆ ಐವತ್ತರ ಉದ್ದ, ಎರಡೂ ಸಹಜ.

ನವನಗರ_ವಾಕರ್ | ಮಧ್ಯಾಹ್ನ 2:45

ಎಲ್ಲರೂ ಕೂಡಿ ಒಂದೇ ಕಡೆ ಬಾರಿಸುತ್ತಿದ್ದೀರಿ. ನಾನು ಆರು ತಿಂಗಳಿಂದ ಇಂಥದ್ದೇ ಕ್ಯಾಪ್ಸೂಲ್ ತಗೊಳ್ತಿದ್ದೇನೆ. ಮೊದಲು 61 ಬಂದಿತ್ತು, ಈಗ 57. ನನ್ನ ವಯಸ್ಸು 54. ಮೊಣಕಾಲು ನೋವು ಕಡಿಮೆ, ನಿದ್ದೆ ಚೊಲೋ ಬರ್ತದ. ನೊಬೆಲ್ ಬಂದ ವಿಷಯ, ಸುಳ್ಳು ಅನ್ನೋಕಾಗ್ತದೇನು? ಅನುಭವಕ್ಕಿಂತ ದೊಡ್ಡ ಪುರಾವೆ ಯಾವುದು?

ನೇರಳೆ_ಟ್ಯೂಬ್ | ಮಧ್ಯಾಹ್ನ 3:10

ಸರ್, ಸಿಟ್ಟಾಗಬ್ಯಾಡ್ರಿ. ನಿಮ್ಮ ನಿದ್ದಿ, ಮೊಣಕಾಲು ಖರೇ ಇರಬಹುದು, ಅದರ ಬಗ್ಗೆ ನನ್ನ ತಕರಾರಿಲ್ಲ. ನಾಕ್ ವರ್ಷದ ಫರಕ್ ಅಂದ್ರ ಮ್ಯಾಲಿನ ಲೆಕ್ಕದಾಗ 120 ಅಕ್ಷರ, ಅಳತಿ ತಪ್ಪಿನ ಒಳಗ ಮುಳುಗಿ ಹೋಗ್ತೈತಿ. ಆರು ತಿಂಗಳ ಫರಕಿನ ಎರಡು ಟ್ಯೂಬು, ಬ್ಯಾರೆ ಬ್ಯಾರೆ ಪ್ಲೇಟು. ಒಂದ ದಿನ ಎರಡು ಟ್ಯೂಬ್ ಕೊಟ್ಟು ಬ್ಯಾರೆ ಹೆಸರು ಬರಸಿದ್ರೂ ಇಷ್ಟು ಫರಕ್ ಬರಬಹುದು.

ಇನ್ನೊಂದು, ಯಾರಿಗೆ ಮೊದಲ ಸಲ ಭಾಳ ಕೆಟ್ಟ ಅಂಕಿ ಬರ್ತೈತೋ ಅವರ ಹೆದರಿ ಕ್ಯಾಪ್ಸೂಲ್ ತಗೊಂಡು ಮತ್ತೊಮ್ಮೆ ಮಾಡಸ್ತಾರ. ಮೊದಲ ಅಂಕಿ ಅಕಸ್ಮಾತ್ ಹೆಚ್ಚಾಗಿ ಬಂದಿದ್ರ ಎರಡನೇದು ತಾನಾಗೆ ಸರಾಸರಿ ಕಡೆ ಬರ್ತೈತಿ. ಅಂಗಡ್ಯಾಂವಗ ಲಾಭ. ಚೊಲೋ ಬಂದವರು ಯಾರೂ ಮತ್ತೊಮ್ಮೆ ರೊಕ್ಕಾ ಕೊಡೂದಿಲ್ಲ.

ನವನಗರ_ವಾಕರ್ | ಮಧ್ಯಾಹ್ನ 3:31

ಆಯ್ತು ಬಿಡಿ, ನನ್ನ ದುಡ್ಡು ನನ್ನ ಕ್ಯಾಪ್ಸೂಲ್.

ರಾತ್ರಿಪಾಳಿ_ಡಾಕ್ಟರ್ | ಮಂಗಳವಾರ, ರಾತ್ರಿ 11:55

ಡ್ಯೂಟಿ ನಡುವೆ ಬರೆಯುತ್ತಿದ್ದೇನೆ, ಅರ್ಧಕ್ಕೆ ನಿಂತರೆ ಕ್ಷಮಿಸಿ.

ಟೆಲೋಮಿಯರ್ ಅಳತೆ ಉಪಯೋಗವೇ ಇಲ್ಲ ಅಂತಲ್ಲ. ಕೆಲವು ಮನೆತನಗಳಲ್ಲಿ ಟೆಲೊಮರೇಸ್‌ನ ಜೀನುಗಳಲ್ಲೇ ದೋಷ ಇರುತ್ತದೆ. ಡಿಸ್ಕೆರಟೋಸಿಸ್ ಕಂಜೆನಿಟಾ ಎಂಬ ಕಾಯಿಲೆಯಲ್ಲಿ ಉಗುರು ವಿಕಾರವಾಗುತ್ತದೆ, ಬಾಯಲ್ಲಿ ಬಿಳಿ ಮಚ್ಚೆ, ಕತ್ತಿನ ಚರ್ಮದಲ್ಲಿ ಬಲೆಯಂಥ ಕಪ್ಪು, ಆಮೇಲೆ ಅಸ್ಥಿಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಬಹುದು. ಕೆಲವರಿಗೆ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್. ಇಂಥವರಲ್ಲಿ ಫ್ಲೋ ಫಿಶ್ ಎಂಬ ಹೆಚ್ಚು ನಿಖರ ವಿಧಾನದಿಂದ ಅಳೆಯುತ್ತಾರೆ, ಅದೂ ಅದೇ ವಯಸ್ಸಿನ ನೂರು ಜನರಲ್ಲಿ ಕಟ್ಟಕಡೆಯ ಒಬ್ಬರಷ್ಟು ಗಿಡ್ಡ ಇದೆಯೇ ಎಂದು ನೋಡಲು. ವಯಸ್ಸು ಹೇಳಲು ಅಲ್ಲ.

ಇನ್ನು 'ಉದ್ದ ಮಾಡುವ' ಮಾತು. ಟೆಲೋಮಿಯರ್ ಸವೆಯುವುದು ಒಂದು ಬ್ರೇಕು. ಹದ ತಪ್ಪಿದ ಜೀವಕೋಶ ಲಂಗುಲಗಾಮಿಲ್ಲದೆ ಒಡೆಯುತ್ತ ಹೋಗದಂತೆ ಅದು ತಡೆಯುತ್ತದೆ. ಕ್ಯಾನ್ಸರ್ ಗಡ್ಡೆಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಟೆಲೊಮರೇಸ್ ಅನ್ನು ಮತ್ತೆ ಚಾಲೂ ಮಾಡಿಕೊಂಡೇ ಬೆಳೆಯುತ್ತವೆ. ಬ್ರೇಕ್ ವೈರ್ ಕಿತ್ತುಹಾಕಿ ಗಾಡಿ ಹಗುರಾಯಿತು ಎಂದಂತೆ.

ಡೆನ್ಮಾರ್ಕ್‌ನಲ್ಲಿ 64,000ಕ್ಕೂ ಹೆಚ್ಚು ಜನರ ರಕ್ತ ನೋಡಿ 2015ರಲ್ಲಿ ವರದಿ ಮಾಡಿದರು: ಗಿಡ್ಡ ಟೆಲೋಮಿಯರ್ ಇದ್ದವರಲ್ಲಿ ಸಾವು ಹೆಚ್ಚು. ನಂಟು ನಿಜ. ಆದರೆ 2017ರಲ್ಲಿ ಹುಟ್ಟಿನಿಂದ ಬಂದ ಜೀನುಗಳ ಲೆಕ್ಕ ಹಿಡಿದು ನೋಡಿದಾಗ ಉದ್ದ ಇದ್ದವರಿಗೆ ಹೃದಯಕಾಯಿಲೆ ಕಡಿಮೆ, ಹಲವು ಕ್ಯಾನ್ಸರ್ ಜಾಸ್ತಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ವ್ಯವಹಾರ.

ಗಿರ್ಮಿಟ್_ಪ್ರೇಮಿ | ಬುಧವಾರ, ಬೆಳಿಗ್ಗೆ 7:40

ಬಾಹ್ಯಾಕಾಶಕ್ಕ ಹೋದ್ರ ಉದ್ದ ಆಗ್ತೈತಿ ಅಂತ ಎಲ್ಲೋ ಓದಿದ್ದೆ. ಅಪ್ಪಾರನ್ನ ಕಳಸೂಣೇನು?

ರಾತ್ರಿಪಾಳಿ_ಡಾಕ್ಟರ್ | ಬೆಳಿಗ್ಗೆ 8:30

ಓದಿದ್ದು ನಿಜ. ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ 2015-16ರಲ್ಲಿ 340 ದಿನ ಅಲ್ಲಿದ್ದರು, ಅವಳಿ ಸೋದರ ಮಾರ್ಕ್ ಭೂಮಿಯ ಮೇಲೆ. ಮೇಲಿದ್ದಾಗ ಸ್ಕಾಟ್ ಟೆಲೋಮಿಯರ್ ಉದ್ದವಾಯಿತು, ಇಳಿದ ಮೇಲೆ ಕೆಲವೇ ದಿನಗಳಲ್ಲಿ ಸರ್ರನೆ ಗಿಡ್ಡ. ಅಂತರಿಕ್ಷದಲ್ಲಿ ಎಲುಬು ಸವೆಯುತ್ತದೆ, ವಿಕಿರಣ ತಾಗುತ್ತದೆ. ಅಂಥ ಜಾಗದಲ್ಲಿ ಈ ಅಳತೆ 'ಕಿರಿಯ' ಎನ್ನುತ್ತದೆ. ಇನ್ನೇನು ಹೇಳಲಿ. ಪಾಳಿ ಮುಗಿಯಿತು, ಮಲಗುತ್ತೇನೆ.

ಬೆಟಗೇರಿ_ಅಕ್ಕ | ಬುಧವಾರ, ಸಂಜೆ 4:15

ನಾ ಇಷ್ಟ್ ದೊಡ್ಡ ವಿಷಯ ತಿಳದಾಕಿ ಅಲ್ರಿ. ಆದ್ರ ಒಂದ್ ಮಾತು ಮನಸ್ಸಿನಾಗ ಕುಂತೈತಿ. ಕಾಯಿಲಿ ಮಕ್ಕಳನ್ನ ನೋಡ್ಕೊಳ್ಳೋ ತಾಯಂದ್ರ ಟೆಲೋಮಿಯರ್ ಗಿಡ್ಡ ಆಗ್ತೈತಿ ಅಂತ ವರ್ಷದ ಹಿಂದ ಪೇಪರಿನಾಗ ಓದಿದ್ದೆ. ಕತ್ತರಿಸಿ ದೇವರ ಜಗಲಿ ಹಿಂದ ಇಟ್ಟೀನಿ.

ನನ್ನ ಮಗಗ ಹತ್ತೊಂಬತ್ತು. ಹುಟ್ಟಿದಾಗಿಂದ ಎದ್ದು ಕುಂದ್ರಾಂಗಿಲ್ಲ. ಎತ್ತೂದು, ತೊಳಿಯೂದು, ಉಣಸೂದು ಎಲ್ಲಾ ನಾನ. ಮನೆಯವರು ಮಗ್ಗದ ಕೆಲಸಕ್ಕ ಹೋಗ್ತಾರ. ಅವನನ್ನ ಎತ್ತಿ ಎತ್ತಿ ಎಡಗೈ ಮಣಿಕಟ್ಟು ಬಾತೈತಿ, ಬಳಿ ತಗದು ಎರಡು ವರ್ಷ ಆತು. ಆ ಟೆಸ್ಟ್ ಮಾಡಸಿದ್ರ ನನಗ ಎಷ್ಟ್ ಬರಬಹುದ್ರಿ ಸರ? ಸುಮ್ನ ಕೇಳ್ದೆ.

ಸಪ್ತಾಪುರ_ಮಾಸ್ತರು | ಸಂಜೆ 5:50

ತಂಗಿ, ಎರಡು ಸಲ ಓದಿದೆ ನೀವು ಬರೆದದ್ದನ್ನು.

ಆ ಅಧ್ಯಯನ 2004ರದು. ಎಲಿಸಾ ಎಪೆಲ್ ಮತ್ತು ಬ್ಲ್ಯಾಕ್‌ಬರ್ನ್ ತಂಡ 58 ತಾಯಂದಿರನ್ನು ನೋಡಿತು. ಕೆಲವರಿಗೆ ದೀರ್ಘ ಕಾಯಿಲೆಯ ಮಕ್ಕಳು, ಕೆಲವರಿಗೆ ಆರೋಗ್ಯವಂತ ಮಕ್ಕಳು. ಒತ್ತಡ ಅತಿ ಹೆಚ್ಚು ಅಂದವರ ಟೆಲೋಮಿಯರ್, ಕಡಿಮೆ ಅಂದವರಿಗಿಂತ ಹತ್ತು ವರ್ಷ ಹೆಚ್ಚು ಸವೆದಷ್ಟು ಗಿಡ್ಡ. ಪೇಪರಿನವರು ಇಷ್ಟಕ್ಕೇ ನಿಲ್ಲಿಸಿರುತ್ತಾರೆ. ಆಮೇಲೆ ಬೇರೆ ಬೇರೆ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಒತ್ತಡಕ್ಕೂ ಇದಕ್ಕೂ ನಂಟು ಇದೆ, ಆದರೆ ತೆಳುವಾದದ್ದು ಎಂದು ಕಂಡಿತು. ಅದೂ ಗುಂಪಿನ ಸರಾಸರಿ. ನಿಮ್ಮೊಬ್ಬರ ಬಗ್ಗೆ ಆ ಪೇಪರ್ ತುಂಡು ಏನೂ ಹೇಳುವುದಿಲ್ಲ. ಮಣಿಕಟ್ಟಿನ ಬಾವು ಮಾತ್ರ ಹೇಳುತ್ತದೆ, ಅದನ್ನು ತೋರಿಸಿಕೊಳ್ಳಿ.

ಬೆಟಗೇರಿ_ಅಕ್ಕ | ಸಂಜೆ 6:20

ತೋರಸ್ತೀನ್ರಿ ಸರ. ಟೆಸ್ಟ್ ಅಂತೂ ಬ್ಯಾಡ. ನಾಕರಿಂದ ಆರರ ತನಾ ಅವನ ಕಡೆ ಯಾರರ ಕುಂತ್ರ ಸಾಕು, ಸಂತಿಗೆ ಹೋಗಿ ಬರ್ತೀನಿ. ಆ ಹಾಳಿ ಇವತ್ತ ಒಲಿಗೆ ಹಾಕ್ದೆ.

ಉಣಕಲ್_ದಂಡಿ | ಶುಕ್ರವಾರ, ಬೆಳಿಗ್ಗೆ 9:15

ಎಲ್ಲಾರಿಗೂ ಋಣಿ ಅದೀನಿ. ನೀವು ಬರದದ್ದನ್ನ ಅಪ್ಪಾರಿಗೆ ಓದಿ ಹೇಳ್ದೆ. ಕೂರಿಗಿ ಮಾತಿಗೆ 'ಹೌದ್ ನೋಡು' ಅಂದ್ರು, ಪಿಪೆಟ್ ಹುಡುಗನ ಮಾತಿಗೆ ನಕ್ರು. ಆದ್ರ ಅವರು ಎದ್ದದ್ದು ಯಾವುದಕ್ಕೂ ಅಲ್ಲ. ಸೀಗಿ ಹುಣ್ಣಿವಿ ಲೆಕ್ಕಕ್ಕ.

ಕುಂದಗೋಳದಾಗ ಅವರ ಸೋದರತ್ತಿ ಇದ್ದಾಳ. ಫೋನ್ ಹಚ್ಚಿ ಕೇಳಿದ್ರು. ಆಕಿ 'ರಾಜ್ಯ ಕೂಡಿದಾಗ ನೀ ಅಂಬೆಗಾಲು ಬಿಟ್ಟು ನಡಿತಿದ್ದಿ, ಪೇಢೆ ಹಂಚುಮುಂದ ಎರಡು ಕಸ್ಕೊಂಡು ಓಡಿದ್ದಿ' ಅಂದ್ಲಂತ. ಅಪ್ಪಾರು ರಿಪೋರ್ಟ್ ತಗೊಂಡು, 68 ಅಂತ ಛಾಪಿಸಿದ್ದನ್ನ ಪೆನ್ನಿನಿಂದ ಹೊಡದು ಹಾಕಿ ಮಗ್ಗಲಿಗೆ 70 ಬರದಾರ. ಕೆಳಗ ಕಳಿಯೂ ಲೆಕ್ಕ: 77 - 70 = 7. 'ಒಂಬತ್ತಿದ್ದದ್ದು ಏಳು ಆತಲ್ಲೋ. ಒಂದ್ ಕ್ಯಾಪ್ಸೂಲ್ ನುಂಗಲಾರ್ದ ಎರಡು ವರ್ಷ ಗಳಿಸಿದೆ!' ಅಂತ ಗೆಳ್ಯಾರಿಗೆ ತೋರಸಾಕ ಹಾಳಿ ಮಡಚಿ ಕಿಸೆದಾಗ ಇಟ್ಕೊಂಡು ಇವತ್ತು ನಸುಕಿನ್ಯಾಗ ಕೆರಿ ಕಡೆ ಹೋಗ್ಯಾರ. ಲೆಕ್ಕಾ ತಪ್ಪು ಅಂತ ನನಗೂ ಗೊತ್ತೈತಿ, ತಕ್ತೆನ ಸುಳ್ಳಂದ ಮ್ಯಾಲೆ ಕಳದು ಏನ್ ಬಂತು. ಹೇಳಾಕ ಹೋಗಲಿಲ್ಲ.

ಒಂದ ಉಳೀತು. ಆ ಕ್ಯಾಪ್ಸೂಲ್ ಡಬ್ಬಿ ವಾಪಸ್ ತಗೋತಾರೇನ್ರಿ? ಸೀಲ್ ಒಡದೈತಿ, ಎರಡು ನುಂಗ್ಯಾರ.

ನೇರಳೆ_ಟ್ಯೂಬ್ | ಬೆಳಿಗ್ಗೆ 9:40

ಸೀಲ್ ಒಡದಿದ್ರ ತಗೊಳ್ಳೂದಿಲ್ರಿ.

ಗಿರ್ಮಿಟ್_ಪ್ರೇಮಿ | ಬೆಳಿಗ್ಗೆ 9:41

ನವನಗರದವರನ್ನ ಕೇಳಿ ನೋಡ್ರಿ.